ಬೆರಳಿಲ್ಲದ ಹಲ್ಲಿ

ದೊಡ್ಡಉಳ್ಳಾರ್ತಿಯ ಚಿಕ್ಕೀರಪ್ಪನ ಕುರಿಯನ್ನು ಕದ್ದು ಚಳ್ಳಕೆರೆ ಸಂತೆಯಲ್ಲಿ ಮಾರುವಷ್ಟು ದಡ್ಡ ಕಳ್ಳ ಇನ್ನೂ ಹುಟ್ಟಿರಲಿಲ್ಲ. ಮರಿ ನೆಟ್ಟಗೆ ನಿಲ್ಲುವ ಮೊದಲೇ ಅವನ ಕತ್ತರಿ ಅದರ ಎಡಗಿವಿಯ ತುದಿಯನ್ನು ಓರೆಯಾಗಿ ತೆಗೆದಿರುತ್ತಿತ್ತು. ಅದು ಅಪ್ಪನ ಗುರುತು, ಅಜ್ಜನ ಗುರುತು. ಮುಂದೆ ಯಾರದೆಂದು ಯಾರೂ ಕೇಳುತ್ತಿರಲಿಲ್ಲ, ಅವನಿಗೆ ಮಕ್ಕಳಿರಲಿಲ್ಲ. ಹೆಂಡತಿ ಸಿದ್ದಕ್ಕ ತೀರಿಕೊಂಡಾಗ ಹಟ್ಟಿಯವರು ಬಂದು ಅತ್ತು, ಉಂಡು ಹೋದರು. ಬೇರೆ ಮನೆಗಳಲ್ಲಿ ಅಜ್ಜಿಯ ಹೆಸರನ್ನು ಮೊಮ್ಮಗಳಿಗಿಟ್ಟು ಕೂಗುತ್ತಾರೆ. ಸಿದ್ದಕ್ಕನ ಹೆಸರು ಹಿಡಿದು ಕೂಗಲು ಯಾರೂ ಉಳಿಯಲಿಲ್ಲ.

ತೊಂಬತ್ತೆಂಟರ ಬೇಸಿಗೆಯಲ್ಲಿ ಕುರಿ ಹೊಡೆದುಕೊಂಡು ಮೊಳಕಾಲ್ಮುರು ಕಡೆಯ ಬಂಡೆಗುಡ್ಡಗಳಿಗೆ ಹೋದಾಗ ಸೋಮಶೇಖರಪ್ಪ ಎಂಬ ವಿಜ್ಞಾನಿ ಸಿಕ್ಕರು. ರಾಂಪುರದಲ್ಲಿ ಕೋಣೆ ಹಿಡಿದು ಬೆನ್ನ ಮೇಲೆ ಹಳದಿ ಚುಕ್ಕೆಯ ಹಲ್ಲಿಯೊಂದನ್ನು ಹುಡುಕುತ್ತಿದ್ದರು. ಇಷ್ಟು ಓದಿದವರಿಗೆ ಮನೆಗೋಡೆಯ ಹಲ್ಲಿ ಸಾಲದೇ ಎಂದು ಚಿಕ್ಕೀರಪ್ಪನಿಗೆ ನಗು ಬಂತು.

"ಈ ಜಾತಿಗೆ ಇನ್ನೂ ಹೆಸರೇ ಇಲ್ಲ," ಎಂದರು ಅವರು. "ಒಂದು ಸಿಕ್ಕರೆ ಸಾಕು. ಅದನ್ನೇ ಮಾದರಿ ಅಂತ ಕಾಪಾಡಿ ಇಟ್ಟು ಹೆಸರು ಕೊಡ್ತೀವಿ. ಮನುಷ್ಯರ ಹೆಸರೂ ಇಡಬಹುದು."

"ಹೆಂಗಸರದು?"

"ಇಡಬಹುದು."

"ಸತ್ತೋರದು?"

ವಿಜ್ಞಾನಿ ಅವನ ಮುಖ ನೋಡಿದರು. "ಯಾರದು, ಚಿಕ್ಕೀರಪ್ಪನೋರೆ?"

"ನಮ್ಮ ಮನೆಯೋಳು, ಸಿದ್ದಕ್ಕ."

"ನೀವು ಹಿಡಿದು ಕೊಟ್ಟರೆ ಆ ಹೆಸರೇ. ಮಾತು ಕೊಟ್ಟೆ."

ಜೊತೆಗೆ ಕುರಿ ಕಾಯುತ್ತಿದ್ದ ತಂಗಿಯ ಮಗ ಓಬಳೇಶ್ ನಕ್ಕ. "ಮಾವ, ಹಲ್ಲಿ ಕಂಡ್ರೆ ಅತ್ತೆ ಮನೆ ಬಿಟ್ಟು ಓಡ್ತಿದ್ಲು. ಈಗ ಅದಕ್ಕೇ ಅವಳ ಹೆಸರಾ?"

"ಸುಮ್ಕಿರಲೇ."

ಚಿಕ್ಕೀರಪ್ಪನಿಗೆ ಹಲ್ಲಿ ಸಿಕ್ಕಿತು. ಜಟಿಂಗ ರಾಮೇಶ್ವರದ ಬೆಟ್ಟದ ಹಿಂದಿನ ಬಂಡೆ ಬಿರುಕಿನಲ್ಲಿ, ಬೆನ್ನ ಮೇಲೆ ಹಳದಿ ಚುಕ್ಕೆ ಹೊತ್ತು ಕೂತಿತ್ತು. ಆದರೆ ಸೋಮಶೇಖರಪ್ಪ ಬೆಂಗಳೂರಿಗೆ ಹೋಗಿದ್ದರು. ಅವರು ಬರುವವರೆಗೆ ಸುತ್ತಿನ ಕುರಿ ಕಾಯುವವರೆಲ್ಲ ಹಿಡಿದ ಹಲ್ಲಿಗಳು ಅವರ ಕೋಣೆಯ ಒಂದೇ ಗಡಿಗೆಯಲ್ಲಿ ಇರಬೇಕು. ಓಬಳೇಶನೂ ಎರಡು ತಂದು ಬಿಟ್ಟಿದ್ದ. ಒಂದೇ ದೊಡ್ಡಿಯಲ್ಲಿ ಎರಡು ಮಂದೆ ಸೇರಿದರೆ ಕುರುಬ ಏನು ಮಾಡುತ್ತಾನೋ ಚಿಕ್ಕೀರಪ್ಪ ಅದನ್ನೇ ಮಾಡಿದ. ಹಲ್ಲಿಗೆ ಕಿವಿ ಕಾಣಲಿಲ್ಲ. ಕತ್ತರಿ ತೆಗೆದು ಬೆರಳ ತುದಿಗಳನ್ನು ಓರೆಯಾಗಿ ಕತ್ತರಿಸಿದ. ಒಂದು ಕಾಲಿನದು ಸಾಲದೆಂದು ನಾಲ್ಕೂ ಕಾಲಿನದು. ಬೂದಿ ಒತ್ತಿ ರಕ್ತ ನಿಲ್ಲಿಸಿದ. ಇನ್ನು ಯಾವನೂ ಇದನ್ನು ತನ್ನದೆನ್ನಲಾರ.

ಸೋಮಶೇಖರಪ್ಪ ಬಂದು ಹಲ್ಲಿಯನ್ನು ಅಂಗಾತ ಮಾಡಿ ಭೂತಗನ್ನಡಿ ಹಿಡಿದರು. ಒಂದೊಂದೇ ಕಾಲನ್ನು ಬಿಡಿಸಿ ನೋಡಿದರು.

"ಬೆರಳೇನಾಯ್ತು?"

"ಗುರುತು ಹಾಕೀನಿ ಸ್ವಾಮಿ, ನಮ್ದು ಅಂತ."

"ಬೆರಳಿನಡಿ ಪಟ್ಟಿ ಇರ್ತಾವೆ. ಅವನ್ನ ನೋಡಿಯೇ ಇದು ಬೇರೆ ಜಾತಿ ಅನ್ನಬೇಕು. ಈಗ ಹೇಗೆ ಹೇಳಲಿ? ಯಾರೂ ಒಪ್ಪೋದಿಲ್ಲ."

ಬಯ್ದಿದ್ದರೆ ಚಿಕ್ಕೀರಪ್ಪನಿಗೆ ಹಗುರವಾಗುತ್ತಿತ್ತು. ಅವರು ಬಯ್ಯಲಿಲ್ಲ.

"ಇನ್ನೊಂದು ಹಿಡಿತೀನಿ ಬಿಡ್ರಿ," ಎಂದ. ಆಮೇಲಿನ ಬೇಸಿಗೆಗಳಲ್ಲಿ ಅವನ ಕುರಿಗಳು ಹುಲ್ಲಿರುವ ಕಡೆಗಲ್ಲ, ಬಿರುಕಿರುವ ಕಡೆಗೆ ಹೋಗಿ ಬಡಕಲಾದವು. ಹಲ್ಲಿ ಸಿಗಲಿಲ್ಲ.

ಕೆಲವು ವರ್ಷಗಳ ನಂತರ ಸೋಮಶೇಖರಪ್ಪ ತಾವಾಗಿಯೇ ಹಟ್ಟಿಗೆ ಬಂದರು. ಆಂಧ್ರದ ಗುಡ್ಡವೊಂದರಲ್ಲಿ ಬೇರೆಯವರಿಗೆ ಅದೇ ಹಲ್ಲಿ ಸಿಕ್ಕಿತ್ತು, ಬೆರಳುಗಳ ಸಮೇತ. ಆ ಗುಡ್ಡದ ಹೆಸರಿಟ್ಟಿದ್ದರು.

"ಈಗ ಬದಲಾಯಿಸಕ್ಕಾಗಲ್ವಾ ಸ್ವಾಮಿ?"

"ಇಲ್ಲ. ಮೊದಲು ಅಚ್ಚಾದ ಹೆಸರೇ ಕಾಯಂ."

"ನಮ್ದು ಮೊದ್ಲು ಸಿಕ್ಕಿತ್ತು."

"ಹೌದು," ಎಂದರು ಅವರು. ಚಹಾ ಆರುತ್ತಿತ್ತು.

ಮರುದಿನ ಬೆಳಿಗ್ಗೆ ಕುರಿಯೊಂದು ಮರಿ ಹಾಕಿತು. ಚಿಕ್ಕೀರಪ್ಪ ಸೊಂಟದಿಂದ ಕತ್ತರಿ ತೆಗೆದು, ಮರಿಯ ಎಡಗಿವಿಯನ್ನು ಬೆರಳಲ್ಲಿ ಸವರಿ, ಕತ್ತರಿಯನ್ನು ಓಬಳೇಶನ ಕಡೆ ಚಾಚಿದ.

"ನೀನೇ ಹಾಕಲೇ."

"ಯಾರ ಗುರುತು ಹಾಕ್ಲಿ ಮಾವ? ನಿಂದಾ, ನಂದಾ?"

"ನಿಂದೇ ಹಾಕು," ಎಂದು ಚಿಕ್ಕೀರಪ್ಪ ಆಚೆ ಹೋದ.