ಗಂಟಲು ಸರಿಮಾಡಿಕೊಳ್ಳುವ ಗಡಿಯಾರ

ಆ ಗಡಿಯಾರದ ಮರದ ಪೆಟ್ಟಿಗೆಯ ಬಾಗಿಲು ತೆಗೆದರೆ ಇವತ್ತಿಗೂ ಮೊದಲು ರಾಗಿಹಿಟ್ಟಿನ ವಾಸನೆ ಬರುತ್ತದೆ, ಅದರ ಹಿಂದೆಯೇ ಕೊಬ್ಬರಿ ಎಣ್ಣೆಯದು. ಹಿಟ್ಟು ಭರಮಸಾಗರದಲ್ಲಿದ್ದ ನಮ್ಮ ಅಜ್ಜನ ಗಿರಣಿಯದು. ಎಣ್ಣೆ ಅಜ್ಜನ ತಲೆಯದು. ಗಡಿಯಾರ ಯಾಕೋ ಸುಸ್ತಾದಂತಿದೆ ಅನ್ನಿಸಿದ ದಿನ ಅಜ್ಜ ತಲೆಗೆ ಎಣ್ಣೆ ಹಚ್ಚಿಕೊಂಡ ಬೆರಳನ್ನೇ ಅದರ ಹೊಟ್ಟೆಯೊಳಗೂ ಒಂದು ಸುತ್ತು ಆಡಿಸಿಬಿಡುತ್ತಿದ್ದ. ತನಗೆ ತಂಪಾಗುವುದು ಅದಕ್ಕೂ ತಂಪಾಗಲಿ ಎಂಬ ಲೆಕ್ಕ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದಿರಬಹುದು, ವಾರಕ್ಕೊಮ್ಮೆ ಕೀಲಿ ಕೊಡುವ, ಲೋಲಕ ತೂಗಾಡುವ ಗೋಡೆ ಗಡಿಯಾರ. ಇದ್ದಿದ್ದರೆ ಆ ಸಣ್ಣ ಸದ್ದು ನಿಮಗೂ ನೆನಪಿರುತ್ತದೆ. ಗಂಟೆ ಹೊಡೆಯಲು ಇನ್ನೂ ಕೆಲವು ನಿಮಿಷ ಇದೆ ಅನ್ನುವಾಗ ಒಳಗೆ ಎಲ್ಲೋ ‘ಟಕ್’ ಎಂದು ಏನೋ ಬಿಚ್ಚಿಕೊಂಡು, ಗರ್ ಎಂದು ಚಕ್ರ ಒಂದಿಷ್ಟು ತಿರುಗಿ, ಯಾರೋ ಕೈ ಹಿಡಿದಂತೆ ನಿಂತುಬಿಡುತ್ತದೆ. ‘ಗಂಟ್ಲು ಸರಿ ಮಾಡ್ಕಂತೈತೆ’ ಅನ್ನುತ್ತಿದ್ದಳು ಅಜ್ಜಿ. ಆ ಸದ್ದಿಗೆ ಅವಳು ಒಲೆಯ ಮೇಲಿನ ಹಾಲು ನೋಡುತ್ತಿದ್ದಳು, ಅಜ್ಜ ಮಾತು ನಿಲ್ಲಿಸುತ್ತಿದ್ದ. ಅಜ್ಜ ಮಾತು ನಿಲ್ಲಿಸುತ್ತಿದ್ದುದು ಆ ಗಡಿಯಾರದ ಮುಂದೆ ಮಾತ್ರ.

ಆ ಮನೆ ಈಗಿಲ್ಲ. ಗಿರಣಿಯ ಬೆಲ್ಟು ಪಟಪಟ ಹೊಡೆದುಕೊಳ್ಳುತ್ತಿದ್ದ ಜಾಗದಲ್ಲಿ ಮೊಬೈಲ್ ಅಂಗಡಿಯಾಗಿದೆ. ಹುಬ್ಬಿನ ಮೇಲೆಲ್ಲ ಹಿಟ್ಟು ಕೂತ ಅಜ್ಜ ಪಡಸಾಲೆಯ ಕಂಬಕ್ಕೆ ಒರಗಿ, ಗಿರಣಿಗೆ ಬಂದವರಿಗೆಲ್ಲ ಕೇಳದಿದ್ದರೂ ಟೈಮು ಹೇಳುತ್ತಿದ್ದ. ‘ನಮ್ಮ ಗಡಿಯಾರ ಸುಳ್ಳು ಹೇಳಲ್ಲ’ ಎಂಬುದು ಅವನ ಜೀವನದ ಒಂದೇ ಹೆಮ್ಮೆ. ರೇಡಿಯೋ ಬೇರೆ ಟೈಮು ಹೇಳಿದರೆ, ‘ಅದು ಬೆಂಗಳೂರಿಂದ ಬರಬೇಕಲ್ಲಪ್ಪ, ದಾರೀಲಿ ತಡ ಆಗಿರ್ತೈತೆ’ ಎಂದು ರೇಡಿಯೋವನ್ನೇ ಕ್ಷಮಿಸುತ್ತಿದ್ದ. ಎದುರು ಮಾತಾಡುವ ಧೈರ್ಯ ಯಾರಿಗಿತ್ತು?

ನಿಜ ಏನೆಂದರೆ, ಆ ಗಡಿಯಾರ ತಿಂಗಳಿಗೆರಡು ಸಲವಾದರೂ ಸುಳ್ಳು ಹೊಡೆಯುತ್ತಿತ್ತು, ಅದನ್ನು ಗುಟ್ಟಾಗಿ ಸರಿಮಾಡುತ್ತಿದ್ದವಳು ನಮ್ಮಪ್ಪನ ತಂಗಿ ಗಿರಿಜತ್ತೆ. ಮನೆಯಲ್ಲಿ ಟ್ರಂಕಿನ ಚಿಲಕ ಸಿಕ್ಕಿಕೊಳ್ಳಲಿ, ಛತ್ರಿಯ ಗುಂಡಿ ಹೊರಗೆ ಬಾರದಿರಲಿ, ಗಿರಿಜತ್ತೆಯ ಹೇರ್‌ಪಿನ್ನೇ ಗತಿ. ಗಡಿಯಾರದ ಧೂಳು ಒರೆಸುತ್ತ ಒರೆಸುತ್ತ ಅದರ ಒಳಗುಟ್ಟನ್ನೂ ಕಂಡುಹಿಡಿದಿದ್ದಳು. ನನ್ನನ್ನು ಸ್ಟೂಲಿನ ಮೇಲೆ ನಿಲ್ಲಿಸಿಕೊಂಡು ಒಮ್ಮೆ ತೋರಿಸಿದಳು. ಒಳಗೆ ಒಂದು ಚಕ್ರ, ಅದರ ಅಂಚಿನಲ್ಲಿ ಅಲ್ಲಲ್ಲಿ ಹಳ್ಳ. ಮೇಲೆ ಒಂದು ತಂತಿಯ ನಾಲಿಗೆ. ನಾಲಿಗೆ ಹಳ್ಳಕ್ಕೆ ಬಿದ್ದರೆ ಎಲ್ಲ ಬಂದ್. ಅದನ್ನು ಎತ್ತಿದರೆ ಚಕ್ರ ತಿರುಗಿ, ಮುಂದಿನ ಹಳ್ಳ ಸಿಗುವವರೆಗೂ ಸುತ್ತಿಗೆ ಹೊಡೆಯುತ್ತಲೇ ಇರುತ್ತದೆ. ಹಳ್ಳದಿಂದ ಹಳ್ಳಕ್ಕೆ ದೂರ ಜಾಸ್ತಿಯಾಗುತ್ತ ಹೋಗುವುದರಿಂದ ಎರಡಾದ ಮೇಲೆ ಮೂರು, ಮೂರಾದ ಮೇಲೆ ನಾಲ್ಕು. ಮುಳ್ಳುಗಳು ಎಲ್ಲಿವೆ ಎಂದು ಆ ಚಕ್ರ ತಿರುಗಿಯೂ ನೋಡುವುದಿಲ್ಲ. ‘ಥೇಟ್ ನಿಮ್ಮಜ್ಜನ ಹಂಗೆ ಕಣೇ’ ಎಂದಳು ಗಿರಿಜತ್ತೆ. ‘ಎದುರಿಗಿರೋರು ಏನು ಕೇಳಿದ್ರೋ ಬೇಕಿಲ್ಲ, ತನ್ನ ಮಾತು ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಶುರು.’ ಅಜ್ಜ ಮುಳ್ಳು ತಿರುಗಿಸಿ ಲೆಕ್ಕ ತಪ್ಪಿಸಿದಾಗಲೆಲ್ಲ ಅವಳು ಪಿನ್ನಿನಿಂದ ನಾಲಿಗೆ ಎತ್ತೆತ್ತಿ, ಗಂಟೆ ಹೊಡೆಸಿ, ಮುಳ್ಳಿಗೆ ಹೊಂದಿಸಿಡುತ್ತಿದ್ದಳು. ಅಜ್ಜ ಗಿರಣಿಯ ಸದ್ದಿನಲ್ಲಿದ್ದಾಗಲೇ ಇದು ನಡೆಯಬೇಕಿತ್ತು.

ಗಿರಿಜತ್ತೆಗೆ ಅಷ್ಟರಲ್ಲಿ ಎರಡು ಸಂಬಂಧ ತಪ್ಪಿಹೋಗಿದ್ದವು. ಒಬ್ಬರಿಗೆ ಹುಡುಗಿ ಉದ್ದವಾದಳು, ಇನ್ನೊಬ್ಬರು ಕೇಸರಿಬಾತು ತಿಂದು ಹೋದವರು ಸುದ್ದಿಯನ್ನೇ ಕಳಿಸಲಿಲ್ಲ. ಮೂರನೆಯದು ಹೊಳಲ್ಕೆರೆಯದು. ಹುಡುಗನ ಹೆಸರು ಪರಮೇಶ, ಪಂಪ್‌ಸೆಟ್ ಮೋಟರ್ ರಿಪೇರಿಯ ಅಂಗಡಿ. ಅವನ ಫೋಟೋವನ್ನು ಅತ್ತೆ ಗಡಿಯಾರದೊಳಗೆ, ಲೋಲಕದ ಹಿಂದೆ ಬಚ್ಚಿಟ್ಟಿದ್ದಳು. ಲೋಲಕ ಆಚೆ ಹೋದಾಗ ಒಂದು ಕಣ್ಣು, ಈಚೆ ಬಂದಾಗ ಇನ್ನೊಂದು ಕಣ್ಣು ಕಾಣುತ್ತಿತ್ತು. ‘ಇದೊಂದು ಆಗ್ಲಿ ಅಂತ ಆಸೆ ಐತೆ ಕಣೇ ಪುಟ್ಟಿ’ ಎಂದು ಅವಳು ಹೇಳಿದ್ದು ನನ್ನೊಬ್ಬಳಿಗೇ.

ಹೆಣ್ಣು ನೋಡಲು ಬರುವುದು ಭಾನುವಾರವೆಂದಾಯಿತು. ಹುಡುಗನಿಗೆ ತಂದೆ ಇಲ್ಲ. ಸೋದರಮಾವ, ಹೊಸದುರ್ಗದ ಹಿರಿಯರು, ಅವರದ್ದೇ ಕೊನೆಯ ಮಾತು. ಶಕುನ ನೋಡದೆ ಅವರು ಚಪ್ಪಲಿಯನ್ನೂ ಹಾಕುವವರಲ್ಲವಂತೆ. ನಾಲ್ಕೂವರೆಗೆ ರಾಹುಕಾಲ, ಅದರೊಳಗೆ ಒಪ್ಪಿಗೆಯ ಮಾತು ಮುಗಿಯಬೇಕೆಂದು ಮೊದಲೇ ಹೇಳಿ ಕಳಿಸಿದ್ದರು. ಆ ದಿನ ಗಡಿಯಾರ ಮೂರು ಹೊಡೆಯಿತು, ಬೀಗರಾಗಬೇಕಾದವರ ಸುಳಿವಿಲ್ಲ. ಅಜ್ಜ ಬಾಗಿಲಿಗೂ ಗಡಿಯಾರಕ್ಕೂ ಓಡಾಡಿದ. ಕೊನೆಗೆ ಸ್ಟೂಲು ಹತ್ತಿ, ಮುಳ್ಳನ್ನು ಮೂರರಿಂದ ಹಿಂದಕ್ಕೆ ತಿರುಗಿಸಿ, ‘ಪಾಪ, ಹತ್ತು ನಿಮಿಷ ಉಳೀತು ಅವರಿಗೆ’ ಎಂದು ಸಮಾಧಾನದಿಂದ ಇಳಿದ. ಹತ್ತು ನಿಮಿಷ ಕಳೆದು ಮುಳ್ಳು ಮತ್ತೆ ಮೂರಕ್ಕೆ ಬಂದಾಗ ಗಡಿಯಾರ, ಮೂರು ಆಗಲೇ ಹೇಳಿ ಆಗಿದೆಯಲ್ಲ ಎಂಬಂತೆ, ನಾಲ್ಕು ಹೊಡೆಯಿತು.

ಒಳಕೋಣೆಯಲ್ಲಿ ಜಡೆ ಹೆಣೆಸಿಕೊಳ್ಳುತ್ತಿದ್ದ ಗಿರಿಜತ್ತೆ ಬೆಚ್ಚಿಬಿದ್ದಳು. ಮುಂದಿನ ಸಲ ಅದು ಐದು ಹೊಡೆಯುವುದು ಖಂಡಿತ. ಅಷ್ಟರಲ್ಲಿ ಅಂಗಳದಲ್ಲಿ ‘ಬರ್ರಿ ಬರ್ರಿ, ಕುಂತ್ಕಳ್ರಿ’ ಕೇಳಿಸಿತು. ಬಂದೇಬಿಟ್ಟಿದ್ದರು. ಕರೆಯುವ ತನಕ ಹೆಣ್ಣು ಹೊರಗೆ ಬರುವಂತಿಲ್ಲ. ‘ಲೇ, ಓಡಿ ನಿಮ್ಮಜ್ಜಂಗೆ ಹೇಳೇ’ ಎಂದು ನನ್ನನ್ನು ದಬ್ಬಿದಳು. ನಾನು ಅಜ್ಜನ ಕಿವಿಯಲ್ಲಿ ಹೇಳಿದೆ. ಅಜ್ಜ ಎಲ್ಲರಿಗೂ ಕೇಳುವಂತೆ, ‘ಏನು? ನಮ್ಮ ಗಡಿಯಾರ ಸುಳ್ಳು ಹೇಳ್ತೈತಾ? ಹೋಗಾಚೆ!’ ಎಂದು ಗದರಿ, ಹಿರಿಯರ ಕಡೆ ತಿರುಗಿ ಅದರ ಗುಣಗಾನ ಶುರುಮಾಡಿದ.

ಹಿರಿಯರು ತೂಕದ ಮನುಷ್ಯರು. ಗಿರಿಜತ್ತೆ ಬಂದು, ತಟ್ಟೆ ಕೊಟ್ಟು, ನಮಸ್ಕಾರ ಮಾಡಿ ಒಳಗೆ ಹೋದರೂ ಅವರ ಬಾಯಿಂದ ಮಾತಿಲ್ಲ. ಮೆಣಸಿನಕಾಯಿ ಬಜ್ಜಿಯನ್ನು ಮುರಿದು, ಉಫ್ ಎಂದು ಊದಿ, ನಿಧಾನಕ್ಕೆ ಅಗಿಯುತ್ತಿದ್ದರು. ಮುಳ್ಳು ನಾಲ್ಕರ ಹತ್ತಿರ ಬಂದಾಗ ಗೋಡೆಯ ಮೇಲೆ ‘ಟಕ್’ ಎಂದಿತು. ಗಡಿಯಾರ ಗಂಟಲು ಸರಿಮಾಡಿಕೊಂಡಿತ್ತು. ಬಾಗಿಲ ಸಂದಿಯಲ್ಲಿ ಅತ್ತೆ ನನ್ನ ಕೈ ಹಿಡಿದಳು. ಇನ್ನು ಐದು ನಿಮಿಷದೊಳಗೆ ಈ ಮನುಷ್ಯ ಹೂಂ ಅಂದರೆ ಉಳಿದಳು. ಅವರು ಇನ್ನೊಂದು ಬಜ್ಜಿ ತೆಗೆದುಕೊಂಡರು. ನೀರು ಕುಡಿದರು. ಟವೆಲ್ಲಿನಿಂದ ಬಾಯಿ ಒರೆಸಿಕೊಂಡರು. ಅವರೂ ಗಂಟಲು ಸರಿಮಾಡಿಕೊಂಡು, ‘ನೋಡ್ರಿ, ನಮಗೆ ಹೆಣ್ಣು...’ ಅನ್ನುವಷ್ಟರಲ್ಲಿ ಗಡಿಯಾರ ಢಣ್ ಎಂದಿತು. ಐದು ಸಲ.

‘ಐದು!’ ಹಿರಿಯರು ಎದ್ದೇ ಬಿಟ್ಟರು. ‘ರಾಹುಕಾಲದಾಗೆ ಬಾಯಿ ತೆಗೆಯೋನಿದ್ನಲ್ಲಪ್ಪ! ಏಳ್ರಿ, ಹೋಗಾಣ.’

ಅಜ್ಜ ಕಂಬ ಹಿಡಿದುಕೊಂಡು ನಿಂತಿದ್ದ. ಗಡಿಯಾರ ಸುಳ್ಳು ಹೇಳದಿದ್ದರೆ ಮಗಳ ಸಂಬಂಧ ಹೋಯಿತು, ಹೇಳಿದೆಯೆಂದರೆ ಅವನ ಹೆಮ್ಮೆ ಹೋಯಿತು. ಅವನು ಒಮ್ಮೆ ಗಡಿಯಾರದ ಕಡೆ ನೋಡಿದ. ಆಮೇಲೆ ಹಿರಿಯರ ಕಡೆ ತಿರುಗಿದ. ‘ಗಡಿಯಾರದ್ದೇನೂ ತಪ್ಪಿಲ್ರಿ. ಮುಳ್ಳು ಹಿಂದಕ್ಕೆ ತಿರುಗ್ಸಿದ್ದು ನಾನು. ನೀವು ಬರೋದು ತಡ ಆತಲ್ಲ, ಅದಕ್ಕೆ. ಸುಳ್ಳು ನಂದು.’ ಅಜ್ಜ ಅಷ್ಟು ಚಿಕ್ಕ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಅಳು ಬರುತ್ತದೆ.

ಹಿರಿಯರು ಜಗ್ಗಲಿಲ್ಲ. ‘ಅದೆಲ್ಲ ಸರಿ. ಕಿವಿಗೆ ಐದು ಬಿದ್ದೈತಲ್ಲ, ಅದನ್ನ ಏನು ಮಾಡ್ತೀರಿ? ಅದೇ ಗಡಿಯಾರ ಬಾಯಿಬಿಟ್ಟು ನಾಕು ಅನ್ಲಿ, ನೋಡಾಣ.’

ಅದನ್ನು ಅವರು ಆಗದ ಮಾತೆಂದೇ ಹೇಳಿದ್ದು. ಗಿರಿಜತ್ತೆ ಜರಿಸೀರೆಯ ಸೆರಗು ಸಿಕ್ಕಿಸಿಕೊಂಡು, ಯಾರೂ ಕರೆಯದೆಯೇ ಪಡಸಾಲೆಗೆ ಬಂದಳು. ಸ್ಟೂಲು ಎಳೆದು ಹತ್ತಿದಳು. ಹೊಸದಾಗಿ ಹೆಣೆದ ಜಡೆಯಿಂದ ಪಿನ್ನು ಕಿತ್ತು ಗಡಿಯಾರದ ಬಾಯಿ ತೆರೆದಳು. ಒಳಗಿನ ಫೋಟೋ ಸೀದಾ ಕೆಳಗೆ ಬಿತ್ತು, ಅದನ್ನು ಹೆಕ್ಕಿದವನು ಪರಮೇಶನೇ. ತನ್ನ ಮುಖವನ್ನು ತಾನೇ ಒಂದು ಕ್ಷಣ ನೋಡಿ ಜೇಬಿಗಿಟ್ಟುಕೊಂಡು, ಅಲ್ಲಾಡುತ್ತಿದ್ದ ಸ್ಟೂಲನ್ನು ಎರಡೂ ಕೈಯಿಂದ ಹಿಡಿದು ನಿಂತ. ಅತ್ತೆ ನಾಲಿಗೆ ಎತ್ತಿದಳು. ಆರು ಹೊಡೆಯಿತು. ಮತ್ತೆ ಎತ್ತಿದಳು, ಏಳು. ಹಿರಿಯರು ತಮಗರಿವಿಲ್ಲದೆ ಬೆರಳ ಗೆಣ್ಣು ಎಣಿಸತೊಡಗಿದರು. ಹನ್ನೊಂದಕ್ಕೆ ಗಡಿಯಾರದ ದನಿ ಸೋತಿತು. ಹನ್ನೆರಡರ ನಡುವೆ ನಿಂತೇಹೋಯಿತು. ಅಜ್ಜ ಓಡಿಹೋಗಿ ಕೀಲಿ ತಂದು ಮಗಳ ಕೈಗಿಟ್ಟ, ಅವಳು ಕಿರ್ರ್ ಕಿರ್ರ್ ಎಂದು ತಿರುಗಿಸಿದಳು. ಒಂದು. ಎರಡು. ಮೂರು. ಆಮೇಲೆ ನಾಲ್ಕು ಹೊಡೆದು, ನಾಲಿಗೆ ಹಳ್ಳಕ್ಕೆ ಬಿದ್ದದ್ದು ಬಾಗಿಲ ಬಳಿಯಿದ್ದ ನನಗೂ ಕೇಳಿಸಿತು.

ಹಿರಿಯರು ಎಣಿಸಿದ ಬೆರಳುಗಳನ್ನೇ ಬಹಳ ಹೊತ್ತು ನೋಡಿಕೊಂಡರು. ‘ಒಂದು ಸುತ್ತು ಪೂರ್ತಿ ಆತು. ಅಂದ್ರೆ ರಾಹು ಬಂದೂ ಆತು, ಹೋಗಿಯೂ ಆತು’ ಎಂದರು. ಮತ್ತೆ ಕುಳಿತು ತಟ್ಟೆ ಹತ್ತಿರಕ್ಕೆಳೆದುಕೊಂಡರು. ‘ನಮಗೆ ಹೆಣ್ಣು ಒಪ್ಪಿಗೆ ಐತ್ರಪ್ಪ.’

ಅಷ್ಟು ಹೊತ್ತಿಗೆ ನಿಜಕ್ಕೂ ಟೈಮು ಎಷ್ಟಾಗಿತ್ತೋ ಯಾರೂ ಕೇಳಲಿಲ್ಲ. ಹೇಳಬಹುದಾಗಿದ್ದವನು ಒಬ್ಬನೇ. ಪರಮೇಶನ ಕೈಯಲ್ಲಿ ವಾಚಿತ್ತು. ಅವನು ಸದ್ದಿಲ್ಲದೆ ಅಂಗಿಯ ತೋಳನ್ನು ಅದರ ಮೇಲೆ ಎಳೆದುಕೊಂಡದ್ದನ್ನು ನಾನು ನೋಡಿದೆ.

ಅಜ್ಜ, ಅಜ್ಜಿ ಹೋಗಿ ಎಷ್ಟೋ ಕಾಲವಾಯಿತು. ಗಡಿಯಾರ ಹೊಳಲ್ಕೆರೆಯಲ್ಲಿ ಗಿರಿಜತ್ತೆಯ ಮನೆ ಸೇರಿತ್ತು. ಹೋದ ವರ್ಷ ಅತ್ತೆಯೂ ಹೋದಳು. ಆಮೇಲೆ ಅದಕ್ಕೆ ಕೀಲಿ ಕೊಟ್ಟವರಿಲ್ಲ. ಮೊನ್ನೆ ಪರಮೇಶಮಾವ ಅದನ್ನು ಅತ್ತೆಯ ಹಳೇ ಸೀರೆಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಚಿತ್ರದುರ್ಗಕ್ಕೆ ತಂದರು. ‘ಮನೇಲಿ ಇದರ ಸದ್ದು ಕೇಳಾಕೂ ಆಗಲ್ಲ, ಕೇಳದಂಗಿರಾಕೂ ಆಗಲ್ಲವ್ವ. ನಿನ್ನತ್ರ ಇರ್ಲಿ’ ಎಂದರು. ಗೋಡೆಗೆ ನೇತುಹಾಕಿ, ಕೀಲಿ ಕೊಟ್ಟು, ಮುಳ್ಳು ಕೂಡಿಸಿದೆವು. ಹನ್ನೊಂದಕ್ಕೆ ಅದು ಗಂಟಲು ಸರಿಮಾಡಿಕೊಂಡು ಹನ್ನೆರಡು ಹೊಡೆಯಿತು. ಪೆಟ್ಟಿಗೆಯ ಮೂಲೆಯಲ್ಲಿ ಅತ್ತೆಯ ಪಿನ್ನು ಹಾಗೇ ಇತ್ತು. ನಾನು ನಾಲಿಗೆ ಎತ್ತಿದೆ. ಒಂದಾಯಿತು, ಎರಡಾಯಿತು, ಮೂರಾಯಿತು. ನಾಲ್ಕು ಹೊಡೆದಾಗ ಮಾವ ಸ್ಟೂಲಿನ ಮೇಲೆ ಕೈಯಿಟ್ಟರು.

‘ಅಲ್ಲಿಗೆ ಬಿಡವ್ವ.’

‘ಹನ್ನೊಂದಾಗ್ಬೇಕಲ್ಲ ಮಾವ.’

‘ನಾಕೇ ಇರ್ಲಿ.’

ಹಾಗಾಗಿ ನಮ್ಮ ಮನೆಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ನಾಲ್ಕು ಹೊಡೆಯುತ್ತದೆ. ಬಂದವರು ತಲೆಯೆತ್ತಿ ನೋಡಿ ನಗುತ್ತಾರೆ, ನಾನು ‘ನಮ್ಮ ಗಡಿಯಾರ ಸುಳ್ಳು ಹೇಳಲ್ಲ’ ಅನ್ನುತ್ತೇನೆ. ಮಾವ ಬರುವುದಿದ್ದರೆ ಹನ್ನೊಂದಕ್ಕೆ ಮೊದಲೇ ತಲುಪುವ ಬಸ್ಸು ಹಿಡಿಯುತ್ತಾರೆ. ಗೋಡೆಯ ಮೇಲೆ ‘ಟಕ್’ ಎಂದ ಕೂಡಲೇ ಕಾಫಿ ಲೋಟ ಕೆಳಗಿಟ್ಟು, ಅಂಗಿಯ ತೋಳನ್ನು ವಾಚಿನ ಮೇಲೆ ಎಳೆದುಕೊಳ್ಳುತ್ತಾರೆ.