ಷಡ್ಡಕನ ಹೆಲಿಕಾಪ್ಟರ್

ಹನ್ನೆರಡು ಮಹಡಿಯ ಆ ಆಸ್ಪತ್ರೆಯಲ್ಲಿ ಲಿಫ್ಟ್ ನಿಂತರೆ ಮೊದಲ ಫೋನ್ ಹೋಗುತ್ತಿದ್ದುದು ಅವನಿಗೇ. ಗ್ರೀಸ್ ಮೆತ್ತಿದ ನೀಲಿ ಅಂಗಿ, ಸೊಂಟದಲ್ಲೊಂದು ಟಾರ್ಚು. ಬಾಗಿಲಿಗೆ ಕಿವಿಯಿಟ್ಟು ಯಾವ ಬೇರಿಂಗ್ ಸವೆದಿದೆ ಎಂದು ಹೇಳಿಬಿಡುತ್ತಿದ್ದ. ನರ್ಸುಗಳಿಂದ ಹಿಡಿದು ದೊಡ್ಡ ಡಾಕ್ಟರರವರೆಗೆ ಎಲ್ಲರೂ ಅವನನ್ನು ‘ಲಿಫ್ಟ್ ಮಾಮ’ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ಯಾರನ್ನು ಕಂಡೂ ಕರುಬಿದವನಲ್ಲ, ಒಬ್ಬನನ್ನು ಬಿಟ್ಟು.

ಆ ಒಬ್ಬ ಅವನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಕೋಟು ಹೊಲಿಯುವುದರಲ್ಲಿ ಹೆಸರು ಮಾಡಿದ ಟೈಲರ್. ಇಸ್ತ್ರಿ ಮುರಿಯದ ಅಂಗಿ, ತುಟಿಯ ತುದಿಯಲ್ಲೇ ಜೋಕು. ಮಾವನ ಮನೆಗೆ ಇಬ್ಬರೂ ಒಟ್ಟಿಗೆ ಹೋದರೆ ಮಾವ ಲಿಫ್ಟ್ ಮಾಮನನ್ನು “ಬಂದ್ರಾ, ಕೂತ್ಕೊಳ್ಳಿ” ಎನ್ನುತ್ತಿದ್ದರು. ಟೈಲರ್ ಅಳಿಯನನ್ನು ಮಾತ್ರ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು.

ಅಂಥ ಷಡ್ಡಕ ಒಂದು ದಿನ ರಿಮೋಟ್ ಹೆಲಿಕಾಪ್ಟರ್ ಕೊಂಡ. ತೋಳುದ್ದದ್ದು, ಕೆಂಪು ಬಣ್ಣದ್ದು. ತಿಂಗಳು ಕಳೆದ ಮೇಲೆ ಒಂದು ಭಾನುವಾರ, ಮುಚ್ಚಿಹೋದ ಮಿಲ್ಲಿನ ಹಿಂದಿನ ಬಯಲಿನಲ್ಲಿ ಎಲ್ಲರೆದುರು ಅದನ್ನು ಹಾರಿಸಿದ. ಮಡಚುವ ಕುರ್ಚಿಯಲ್ಲಿ ಕೂತಿದ್ದ ಮಾವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, “ಅಬ್ಬಬ್ಬಾ, ಏನು ಕೈಯಪ್ಪಾ ಇವನದು!” ಎಂದರು.

ಯಂತ್ರದ ಮಾತು ಬಂದಾಗ ಮನೆಯವರೆಲ್ಲ ತಿರುಗಿ ನೋಡಬೇಕಾದದ್ದು ತನ್ನನ್ನು! ಮರುದಿನ ಲಿಫ್ಟ್ ಮಾಮ ಕೆಲಸ ಮುಗಿಸಿ ನೇರ ಹೆಲಿಕಾಪ್ಟರ್ ಮಾರುವ ಅಂಗಡಿಗೆ ಹೋದ.

ಅಂಗಡಿಯಾಕೆಗೆ ಅರವತ್ತು ದಾಟಿತ್ತು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು.

“ದೊಡ್ಡದೊಂದು ಕೊಡಿ ಮೇಡಂ. ತೋಳುದ್ದಕ್ಕಿಂತ ಒಂದು ಗೇಣು ಜಾಸ್ತಿ ಇರ್ಲಿ.”

“ಮೊದಲನೇದಾ?”

“ಹೌದು. ಆದ್ರೆ ಮಷೀನು ನನಗೆ ಹೊಸದಲ್ಲ.”

“ಮಷೀನು ಗೊತ್ತಿರೋರೇ ಜಾಸ್ತಿ ಬೀಳಿಸ್ತಾರೆ,” ಎಂದು ಆಕೆ ನಕ್ಕು, ಎರಡು ಹೆಲಿಕಾಪ್ಟರ್‌ಗಳನ್ನು ಮೇಜಿನ ಮೇಲಿಟ್ಟರು. “ಈ ದೊಡ್ಡದು ಒಂದು ಗಳಿಗೇನೂ ತಾನಾಗಿ ನಿಲ್ಲಲ್ಲ. ಪ್ರತಿ ಕ್ಷಣ ನೀವೇ ಹಿಡೀಬೇಕು. ರೆಕ್ಕೆ ತಗಲಿದ್ರೆ ಬೆರಳು ಹೋಗುತ್ತೆ. ಈ ಚಿಕ್ಕದನ್ನ ನೋಡಿ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ಒಂದು ಹೀಗೆ ತಿರುಗಿದ್ರೆ ಇನ್ನೊಂದು ಹಾಗೆ. ಅದಕ್ಕೇ ಗಾಳಿಲಿ ಸುಮ್ನೆ ನಿಂತಿರುತ್ತೆ. ಮನೆಯೊಳಗೇ ಕಲೀಬಹುದು. ಗೋಡೆಗೆ ಹೊಡೆದ್ರೂ ಮುರಿಯೋದು ಅಪರೂಪ.”

ಅಂಗೈಯಷ್ಟಿತ್ತು ಅದು. ಇದನ್ನು ಬಯಲಿಗೆ ಒಯ್ದರೆ ಷಡ್ಡಕ ಏನೆಂದಾನು?

“ಇದು ಆಟದ ಸಾಮಾನಲ್ವಾ?” ಎಂದ.

“ಹೋದ ತಿಂಗಳು ಒಬ್ರು ಟೈಲರ್ ಬಂದು ನಿಮ್ಮ ಹಾಗೇ ಅಂದ್ರು. ದೊಡ್ಡದನ್ನೇ ಒಯ್ದರು. ಈಗ ವಾರಕ್ಕೊಂದ್ಸಲ ಹೊಸ ರೆಕ್ಕೆಗೆ ಬರ್ತಾರೆ.”

ಲಿಫ್ಟ್ ಮಾಮನ ಕಿವಿ ನೆಟ್ಟಗಾಯಿತು. ಹೊಟ್ಟೆಯುರಿ ಸ್ವಲ್ಪ ತಣ್ಣಗಾಯಿತು. ಅವನು ಚಿಕ್ಕದನ್ನೇ ಕಟ್ಟಿಸಿಕೊಂಡ. ನಯವಿನಯದಿಂದಲ್ಲ, ಸರಿಯಾಗಿ ಕಲಿತು ಷಡ್ಡಕನ ಮುಖ ಬಾಡಿಸಬೇಕೆಂಬ ಹಟದಿಂದ.

ದಿನಾ ಬೆಳಗ್ಗೆ ಸೋಫಾ ಗೋಡೆಗೆ ತಳ್ಳಿ, ಫ್ಯಾನು ಆರಿಸಿ ಅಭ್ಯಾಸ ಮಾಡಿದ. ಹೆಲಿಕಾಪ್ಟರಿನ ಬಾಲ ತನ್ನ ಕಡೆಗಿದ್ದಾಗ ಸುಲಭ. ಮೂತಿ ತನ್ನ ಕಡೆ ತಿರುಗಿತೋ, ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಅದು ಎಡಕ್ಕೆ ಜಾರಿದರೆ ಕೈ ತಾನಾಗಿ ರಿಮೋಟಿನ ಕಡ್ಡಿಯನ್ನು ಬಲಕ್ಕೆ ಎಳೆಯುತ್ತದೆ, ಅದು ಇನ್ನೂ ಎಡಕ್ಕೆ ಓಡುತ್ತದೆ. ಜಾರುವ ಕಡೆಗೇ ಕಡ್ಡಿ ತಳ್ಳಬೇಕು. ಇದು ಬೆರಳಿಗೆ ಇಳಿಯಲು ಅವನಿಗೆ ಎರಡು ತಿಂಗಳು ಹಿಡಿಯಿತು.

“ರೀ, ಪರದೆ ಮೂರನೇ ಸಲ ಹರಿದಿದೆ,” ಎಂದಳು ಹೆಂಡತಿ. “ನಾಳೆ ನನ್ನ ತಂಗಿ ಗಂಡ ಕುದುರೆ ತಂದ್ರೆ ನೀವು ಹಾಲ್‌ನಲ್ಲೇ ಲಾಯ ಕಟ್ತೀರಾ?”

ಮುಂದಿನ ಭಾನುವಾರ ಅವನೂ ಬಯಲಿಗೆ ಹೋದ. ತನ್ನ ಚಿಕ್ಕ ಹೆಲಿಕಾಪ್ಟರನ್ನು ಪೆಟ್ಟಿಗೆಯಿಂದ ಇನ್ನೂ ತೆಗೆದಿರಲಿಲ್ಲ. ಷಡ್ಡಕನ ಕೆಂಪು ಹೆಲಿಕಾಪ್ಟರ್ ಆಗಲೇ ಮೇಲಿತ್ತು. ಗಾಳಿಯೊಂದು ಬೀಸಿ ಅದರ ಮೂತಿ ಈಚೆಗೆ ತಿರುಗಿತು, ಎಡಕ್ಕೆ ಜಾರತೊಡಗಿತು. ಷಡ್ಡಕ ಕಡ್ಡಿಯನ್ನು ಬಲಕ್ಕೆ ಎಳೆದ. ಅದು ಇನ್ನೂ ಜೋರಾಗಿ ಎಡಕ್ಕೆ ಬಂತು. ಎಡಕ್ಕೆ ಮಾವನ ಕುರ್ಚಿ ಇತ್ತು.

‘ಎಡಕ್ಕೇ ತಳ್ಳು’ ಎಂಬ ಎರಡು ಮಾತು ಲಿಫ್ಟ್ ಮಾಮನ ನಾಲಿಗೆಯ ತುದಿಗೆ ಬಂದಿತ್ತು. ಅವನು ಬಾಯಿ ಬಿಡಲಿಲ್ಲ. ಬೀಳಲಿ, ಒಂದು ಸಲ ಎಲ್ಲರೂ ನೋಡಲಿ ಅನ್ನಿಸಿತು.

ಅದು ಕುರ್ಚಿಗೆ ನಾಲ್ಕು ಹೆಜ್ಜೆ ಈಚೆ ನೆಲಕ್ಕಪ್ಪಳಿಸಿತು. ಮುರಿದ ರೆಕ್ಕೆಯೊಂದು ಸಿಡಿದು ಮಾವನ ತಲೆಯ ಮೇಲಿಂದ ಹಾದು ಹಿಂದೆ ಬಿತ್ತು. ಮಾವನಿಗೆ ಏನೂ ಆಗಲಿಲ್ಲ. ಅವರು ಎದ್ದುಬಂದು, ಬೆವತು ನಿಂತಿದ್ದ ಕಿರಿಯಳಿಯನ ಹೆಗಲ ಮೇಲೆ ಕೈಯಿಟ್ಟು, “ಹೋಗ್ಲಿ ಬಿಡಪ್ಪಾ, ಮನಸ್ಸಿಗೆ ಹಚ್ಕೋಬೇಡ,” ಎಂದರು. ಮನೆ ತಲುಪುವವರೆಗೂ ಆ ಕೈ ತೆಗೆಯಲಿಲ್ಲ. ಹಾರಿಸಿದರೂ ಮಾವನ ಅಕ್ಕರೆ ಅವನಿಗೇ, ಬೀಳಿಸಿದರೂ ಅವನಿಗೇ ಎಂದುಕೊಂಡು ಲಿಫ್ಟ್ ಮಾಮ ಹಿಂದೆ ಹಿಂದೆ ನಡೆದ.

ಆದರೆ ಆ ರೆಕ್ಕೆ ಕಣ್ಣಿಂದ ಹೋಗಲಿಲ್ಲ. ಮೂರು ದಿನ ತಡೆದು, ನಾಲ್ಕನೇ ದಿನ ಟೈಲರ್ ಅಂಗಡಿಗೆ ಹೋದ. ಷಡ್ಡಕ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ.

“ಅವತ್ತು ಏನು ಮಾಡ್ಬೇಕು ಅಂತ ನನಗೆ ಗೊತ್ತಿತ್ತು. ಹೇಳ್ಲಿಲ್ಲ.”

“ಯಾಕೆ ಭಾವ?”

“ಹೊಟ್ಟೆಕಿಚ್ಚು ಕಣೋ.”

ಷಡ್ಡಕ ಸೀಮೆಸುಣ್ಣ ಕೆಳಗಿಟ್ಟ. ಜೋಕು ಬರಲಿಲ್ಲ. “ಅಲ್ಲಿ ಮಾವ ಕೂತಿದ್ರು ಭಾವ,” ಎಂದಷ್ಟೇ ಹೇಳಿ ಕತ್ತರಿ ತೆಗೆದುಕೊಂಡ.

ಮೂರು ತಿಂಗಳು ಅವರ ನಡುವೆ ಮಾತಿರಲಿಲ್ಲ. ಅಕ್ಕತಂಗಿಯರು ಎಷ್ಟು ಕೇಳಿದರೂ ಇಬ್ಬರೂ ಕಾರಣ ಬಿಟ್ಟುಕೊಡಲಿಲ್ಲ. ಅದು ಲಿಫ್ಟ್ ಮಾಮನನ್ನು ಇನ್ನಷ್ಟು ಸುಟ್ಟಿತು. ತನ್ನ ತಪ್ಪು ಮುಚ್ಚಿಟ್ಟು ದೊಡ್ಡತನದಲ್ಲೂ ಆ ಟೈಲರೇ ಮುಂದಾದನಲ್ಲ ಎಂದು.

ಆಮೇಲೊಂದು ಬೆಳಗ್ಗೆ ಷಡ್ಡಕ ಬಾಗಿಲಲ್ಲಿ ನಿಂತಿದ್ದ. ಕಂಕುಳಲ್ಲಿ ಎರಡು ಜೊತೆ ರೆಕ್ಕೆಯ ಚಿಕ್ಕ ಹೆಲಿಕಾಪ್ಟರಿನ ಪೆಟ್ಟಿಗೆ.

“ಕೋಪ ಇನ್ನೂ ಹೋಗಿಲ್ಲ ಭಾವ. ಆದ್ರೆ ಹೇಳಿಕೊಡೋಕೆ ನಿಮ್ಮನ್ನ ಬಿಟ್ರೆ ಯಾರಿದ್ದಾರೆ? ಮೊದಲಿಂದ ಶುರು ಮಾಡಿ.”

ಲಿಫ್ಟ್ ಮಾಮ ಸೋಫಾ ತಳ್ಳಿದ. ಮುಚ್ಚುಮರೆಯಿಲ್ಲದೆ ಕಲಿಸಿದ. ಷಡ್ಡಕನವು ಸೂಜಿ ಹಿಡಿದು ಪಳಗಿದ ಬೆರಳುಗಳು. ತನಗೆ ಎರಡು ತಿಂಗಳು ಹಿಡಿದದ್ದನ್ನು ಷಡ್ಡಕ ಒಂಬತ್ತೇ ದಿನದಲ್ಲಿ ಕಲಿತ. ಹೆಂಡತಿ, “ಯಾಕ್ರೀ ಮುಖ ಊದಿದೆ?” ಎಂದು ಕೇಳಿದಾಗ, “ಚೆನ್ನಾಗಿ ಕಲೀತಿದಾನೆ,” ಎಂದು ಮುಖ ತಿರುಗಿಸಿದ.

ಈಗಲೂ ಭಾನುವಾರ ಇಬ್ಬರೂ ಬಯಲಿಗೆ ಹೋಗುತ್ತಾರೆ. ಮಾವನ ಕುರ್ಚಿಯನ್ನು ಲಿಫ್ಟ್ ಮಾಮನೇ ಐವತ್ತು ಹೆಜ್ಜೆ ಎಣಿಸಿ ಹಿಂದೆ ಹಾಕುತ್ತಾನೆ. ಷಡ್ಡಕ ರಿಮೋಟ್ ಹಿಡಿದನೆಂದರೆ ಸಾಕು, ಲಿಫ್ಟ್ ಮಾಮನ ಹೊಟ್ಟೆಯೊಳಗೆ ಉರಿ ಏಳುತ್ತದೆ, ಅದರ ಜೊತೆಗೇ ಬಾಯಿಯೂ ತೆರೆಯುತ್ತದೆ.

“ಎಡಕ್ಕೆ! ಎಡಕ್ಕೇ ತಳ್ಳೋ!”

“ಭಾವ,” ಎನ್ನುತ್ತಾನೆ ಷಡ್ಡಕ, “ಇನ್ನೂ ನೆಲ ಬಿಟ್ಟಿಲ್ಲ.”