ಅಕ್ಕನ ಮುಖಕ್ಕೆ ಹಿಡಿದ ಶೇಡ್ ಕಾರ್ಡು

ಆ ಮ್ಯಾನೇಜರ್ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ನಾಲ್ಕು ವರ್ಷವಾಯಿತು. ಈಗಲೂ ಆ ಔಷಧಿ ಅಂಗಡಿಯ ಮುಂದೆ ಹಾದುಹೋಗುವಾಗ ಗಾಜಿನ ಒಳಗೆ ಅವನ ತಲೆ ಕಂಡರೆ ನಾನು ಹಲ್ಲು ಕಡಿಯುತ್ತೇನೆ. ಅವನು ನನಗೇನೂ ಅಂದಿಲ್ಲ. ನನ್ನ ಅಕ್ಕನಿಗೆ ಅಂದ. ಅದೂ ಗೋಡೆಯ ಹೋಲಿಕೆ ಕೊಟ್ಟು ಅಂದ. ನಾನು ಇಪ್ಪತ್ತಾರು ವರ್ಷದಿಂದ ಗೋಡೆಗಳಿಗೆ ಬಣ್ಣ ಹೊಡೆದು ಬದುಕುತ್ತಿರುವವನು. ಗೋಡೆಯನ್ನು ಬೈಗುಳ ಮಾಡಿಕೊಂಡರೆ ನನಗೆ ಎರಡು ಕಡೆಯಿಂದ ಉರಿಯುತ್ತದೆ.

ಅಕ್ಕ ಆ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಹನ್ನೊಂದು ವರ್ಷ ದುಡಿದಿದ್ದಳು. ಡಬ್ಬ ಒಡೆಯುವುದು, ಅವಧಿ ಮುಗಿಯುವ ತಾರೀಖು ನೋಡಿ ಹಳೆಯದನ್ನು ಮುಂದಕ್ಕೂ ಹೊಸದನ್ನು ಹಿಂದಕ್ಕೂ ಜೋಡಿಸುವುದು, ತಣ್ಣಗಿಡಬೇಕಾದ ಔಷಧಿಯನ್ನು ತಣ್ಣನೆಯ ಕೋಣೆಗೆ ಸೇರಿಸುವುದು ಅವಳ ಕೆಲಸ. ಮುಂದಿನ ಕೌಂಟರಿನ ಹುಡುಗಿಯರು ಏನಾದರೂ ಸಿಗದಿದ್ದರೆ ಸಣ್ಣ ಕಿಟಕಿಯಿಂದ ತಲೆ ತೂರಿಸಿ ಕೂಗುತ್ತಿದ್ದರು. ಅವರು ಔಷಧಿಯ ಹೆಸರು ಮುಗಿಸುವ ಮೊದಲೇ ಅಕ್ಕ, "ಏಳನೇ ರ‍್ಯಾಕು, ಕೆಳಗಿಂದ ಎರಡನೇದು, ನೀಲಿ ಡಬ್ಬ" ಎನ್ನುತ್ತಿದ್ದಳು. ಇಡೀ ಅಂಗಡಿ ಅವಳ ತಲೆಯಲ್ಲಿತ್ತು. ಅವಳು ಮಾತ್ರ ಅಂಗಡಿಯ ಬೆನ್ನಿನಲ್ಲಿದ್ದಳು.

ಗೋಡೌನಿನ ಪಾಳಿ ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ. ಭಾವ ದೂರದ ಊರುಗಳಿಗೆ ಲಾರಿ ಓಡಿಸುವವರು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಹನ್ನೆರಡು ವರ್ಷದ ಮಗಳು ಸ್ಕೂಲಿನಿಂದ ಬಂದು, ಬೀಗ ತಾನೇ ತೆಗೆದು, ಒಬ್ಬಳೇ ಊಟ ಮಾಡಿ ಮಲಗುತ್ತಿದ್ದಳು. ಅಕ್ಕ ಮಗಳನ್ನು ನೋಡುತ್ತಿದ್ದದ್ದು ಬೆಳಿಗ್ಗೆ ಒಂದೇ ಗಂಟೆ ಕಾಲ. ಅದರಲ್ಲೂ ಅರ್ಧ ಹೊತ್ತು ಜಡೆ ಹಾಕುತ್ತ, ಬೆನ್ನ ಕಡೆಯಿಂದ. ಹಾಗಿರುವಾಗ ಕೌಂಟರಿನಲ್ಲಿ ಒಂದು ಜಾಗ ಖಾಲಿಯಾಯಿತು. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರ ಪಾಳಿ. ಮಗಳೂ ತಾಯಿಯೂ ಹೆಚ್ಚುಕಡಿಮೆ ಒಟ್ಟಿಗೆ ಮನೆಗೆ ಬರಬಹುದು. ಅಕ್ಕ ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಾಯಿಬಿಟ್ಟು ಏನನ್ನಾದರೂ ಕೇಳಿದ್ದು ಅಂದರೆ ಇದೊಂದೇ.

ಮ್ಯಾನೇಜರ್ ಹೇಳಿದನಂತೆ: "ಕೆಲಸದಲ್ಲಿ ನೀವು ಬಂಗಾರ, ಅಮ್ಮಾ. ಆದರೆ ಕೌಂಟರ್‌ಗೆ ಮುಖ ಸ್ವಲ್ಪ ಫ್ರೆಶ್ ಆಗಿರಬೇಕು. ನೀವು ಹಳೇ ಗೋಡೆಗೆ ಬಣ್ಣ ಬಳಿದ ಹಾಗೆ ಕಾಣ್ತೀರಿ. ಇನ್ನು ಎರಡು ವಾರಕ್ಕೆ ಮಾಲೀಕರು ಬಂದು ಆರಿಸ್ತಾರೆ. ನೋಡೋಣ."

ಅಕ್ಕ ಇದನ್ನು ಹೇಳಿದಾಗ ನಾನು ಅವಳ ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟು ಚಪ್ಪಲಿ ಹಾಕಿಕೊಂಡೆ.

"ಎಲ್ಲಿಗೆ ಹೊರಟೆ?"

"ಅವನಿಗೆ ಗೋಡೆ ಅಂದ್ರೇನು ಅಂತ ತೋರಿಸಿ ಬರ್ತೀನಿ."

"ನೀನು ಹೋದ್ರೆ ಇರೋ ಗೋಡೌನೂ ಹೋಗುತ್ತೆ. ಕೂತ್ಕೋ. ಹೋದ ಸಲ ನನ್ನ ಪರವಾಗಿ ಜಗಳ ಆಡಿದ್ದು ಮರೆತೆಯಾ? ಆಮೇಲೆ ಎರಡು ತಿಂಗಳು ಹಾಲಿನವನು ನಮ್ಮ ಬೀದಿಗೇ ಬರಲಿಲ್ಲ."

ಕೂತೆ. ಅವಳು ಲೋಟವನ್ನು ಮತ್ತೆ ನನ್ನ ಕೈಗೆ ಕೊಟ್ಟು, "ಅದು ಸರಿ ಕಣೋ, ನಿಜ ಹೇಳು. ಗೋಡೆ ವಿಷಯ ನಿನಗೆ ಗೊತ್ತಲ್ಲ. ಅವನು ಅಂದಿದ್ದು ಹೌದಾ?" ಎಂದಳು.

ಅಳುತ್ತ ಕೇಳಿದ್ದರೆ ಏನಾದರೂ ಸಮಾಧಾನ ಹೇಳಿಬಿಡುತ್ತಿದ್ದೆ. ಅವಳು ನಿಜವಾಗಿಯೂ ತಿಳಿದುಕೊಳ್ಳಬೇಕು ಅಂತ ಕೇಳಿದ್ದಳು. ನಾನು ತಲೆಯೆತ್ತಿ ನೋಡಿದೆ. ನಲವತ್ತೇಳು ವರ್ಷದ ಈ ಹೆಂಗಸನ್ನು ದಿನಾ ನೋಡುತ್ತಿದ್ದೆ, ಆದರೆ ನೋಡಿರಲಿಲ್ಲ ಎಂಬುದು ಆಗ ತಿಳಿಯಿತು. ಏನೋ ಸರಿಯಿರಲಿಲ್ಲ. ಏನು ಅಂತ ಮಾತ್ರ ಹೇಳಲಾಗಲಿಲ್ಲ. ನನ್ನ ಕೆಲಸದಲ್ಲಿ ಹಾಗಾದರೆ ನನಗೆ ನಿದ್ದೆ ಬರುವುದಿಲ್ಲ. ಗೋಡೆಯ ಮೇಲೆ ಒಂದು ಕಲೆ ಯಾಕೆ ಬಂತು ಅಂತ ಗೊತ್ತಾಗುವವರೆಗೆ ನಾನು ಬ್ರಷ್ ಅದ್ದುವವನಲ್ಲ.

ಭಾನುವಾರ ಬೆಳಿಗ್ಗೆ ಅವಳನ್ನು ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂರಿಸಿದೆ. ಗೋಡೆಯನ್ನು ಎದುರಿಗೆ ನಿಂತು ನೋಡಿದರೆ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಪಕ್ಕದಿಂದ ಬೆಳಕು ಬಿದ್ದಾಗ ಉಬ್ಬುತಗ್ಗು ಬಾಯಿಬಿಡುತ್ತದೆ. ನಾನು ಚೀಲದಿಂದ ಶೇಡ್ ಕಾರ್ಡು ತೆಗೆದೆ. ಗಿರಾಕಿಗಳಿಗೆ ಬಣ್ಣ ಆರಿಸಲು ತೋರಿಸುವ ಪಟ್ಟಿಗಳ ಕಟ್ಟು ಅದು, ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಒಂದೊಂದೇ ಪಟ್ಟಿಯನ್ನು ಅಕ್ಕನ ಗಲ್ಲದ ಕೆಳಗೆ ಹಿಡಿದೆ.

ಅಕ್ಕನ ಮಗಳು ಬಾಗಿಲಿಗೆ ಒರಗಿ ನಿಂತಿದ್ದಳು. ಎಲ್ಲದಕ್ಕೂ ವಾದ ಹೂಡುವವಳಾದ್ದರಿಂದ ನಾವು ಅವಳನ್ನು ವಕೀಲಮ್ಮ ಎನ್ನುತ್ತೇವೆ.

"ಮಾಮಾ, ಅಮ್ಮನಿಗೆ ಒಂದು ಕೋಟಿಂಗ್ ಸಾಕಾ, ಎರಡು ಬೇಕಾ?"

"ನಿನ್ನ ಬಾಯಿಗೆ ಮೊದಲು ಒಂದು ಹೊಡೀತೀನಿ. ಬಾ ಇಲ್ಲಿ, ಇದನ್ನ ಹಿಡ್ಕೋ."

ಅವಳೂ ಕೂತಳು. ಪಟ್ಟಿಯ ಮೇಲಿನ ಹೆಸರುಗಳನ್ನು ಓದತೊಡಗಿದಳು. ಒದ್ದೆ ಮರಳು, ಮೋಡದ ಬೆನ್ನು, ಹಳೇ ಇಟ್ಟಿಗೆ. ಅಕ್ಕ ಗೋಡೌನಿನ ಚಳಿಗೆ ವರ್ಷವಿಡೀ ಹಾಕುವ ಬೂದಿ ಬಣ್ಣದ ಸ್ವೆಟರಿಗೆ ಹೊಂದುವ ಪಟ್ಟಿ ಸಿಕ್ಕಿತು. ಅದನ್ನು ಗಲ್ಲದ ಕೆಳಗೆ ತಂದ ಕೂಡಲೇ ಅವಳ ಕಣ್ಣಿನ ಕೆಳಗಿನ ಕಪ್ಪು ಇನ್ನಷ್ಟು ಕಪ್ಪಾಯಿತು. ಮಾಗಿದ ದಾಳಿಂಬೆ ಸಿಪ್ಪೆಯ ಬಣ್ಣ ಹಿಡಿದಾಗ ಯಾರೋ ಕೋಣೆಯ ಬಾಗಿಲು ತೆಗೆದ ಹಾಗಾಯಿತು. ಬೂದಿ ಹಿಡಿದೆ, ಮುಖ ಮುಚ್ಚಿತು. ದಾಳಿಂಬೆ ಹಿಡಿದೆ, ತೆರೆಯಿತು. ಮೂರು ಸಲ ಹಾಗೆ ಮಾಡಿ ನೋಡಿದೆವು. ನಾನೂ ವಕೀಲಮ್ಮನೂ ಬಗ್ಗಿ ಹತ್ತಿರದಿಂದ ನೋಡಿದೆವು.

"ಏನ್ರೋ ಅದು, ಸತ್ತವರನ್ನ ನೋಡೋ ಹಾಗೆ ನೋಡ್ತಿದೀರಿ?" ಎಂದಳು ಅಕ್ಕ.

ಆ ಬಣ್ಣದ ಕುರ್ತಾ ಅವಳ ಪೆಟ್ಟಿಗೆಯಲ್ಲೇ ಇತ್ತು, ಎಂದೋ ಕೊಂಡದ್ದು. ಕೆಲಸಕ್ಕೆ ಯಾಕೆ ಅಂತ ಮಡಿಸಿಟ್ಟಿದ್ದಳು.

ಅವತ್ತು ಇನ್ನೂ ಕೆಲವು ವಿಷಯ ಹೊರಬಿದ್ದವು. ಅವಳ ಕನ್ನಡಕದ ಒಂದು ಕಾಲು ಸಡಿಲವಾಗಿ ಮೂಗಿನ ಮೇಲೆ ಜಾರುತ್ತಿತ್ತು. ಅದನ್ನು ನಿಲ್ಲಿಸಲು ಅವಳು ಗಲ್ಲ ಎತ್ತಿ ಹಣೆ ಸುಕ್ಕು ಮಾಡುತ್ತಿದ್ದಳು. ಹಣೆಯ ಮೂರು ಗೆರೆಯನ್ನು ನಾವೆಲ್ಲ ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆವು. ಸ್ಕ್ರೂ ಬಿಗಿ ಮಾಡಿದ ಮೇಲೆ ಎರಡು ಗೆರೆ ಹೋದವು. ತುಟಿ ಯಾಕೆ ಹೀಗೆ ಸಿಪ್ಪೆ ಏಳುತ್ತದೆ ಎಂದು ಕೇಳಿದೆ.

"ನೀರು ಕಡಿಮೆ ಕುಡೀತೀನಿ."

"ಯಾಕೆ?"

"ಟಾಯ್ಲೆಟ್ ಮೂರನೇ ಮಹಡೀಲಿದೆ. ಹತ್ತಿ ಇಳಿಯೋಷ್ಟರಲ್ಲಿ ಲೋಡು ಬಂದುಬಿಡುತ್ತೆ."

"ಎಷ್ಟು ದಿನದಿಂದ ಹೀಗೆ?"

"ದಿನ ಏನು ಬಂತು, ಸೇರಿದಾಗಿನಿಂದ."

ಹನ್ನೊಂದು ವರ್ಷ, ಮಧ್ಯಾಹ್ನದಿಂದ ರಾತ್ರಿಯವರೆಗೆ ಎರಡು ಗುಟುಕು ನೀರು. ನಾನು ಮತ್ತೆ ಚಪ್ಪಲಿ ಹುಡುಕಿದೆ. ವಕೀಲಮ್ಮ ಅದರ ಮೇಲೆ ಕೂತುಬಿಟ್ಟಿದ್ದಳು. ಅವಳೇ ಒಂದು ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದು ಗಂಟೆ ಬರೆದಳು: ಮೂರಕ್ಕೆ ಇಲ್ಲಿವರೆಗೆ, ಐದಕ್ಕೆ ಇಲ್ಲಿವರೆಗೆ. ಆಮೇಲೆ ತಾಯಿಯ ಹಿಂದೆ ನಿಂತು ಬೈತಲೆಯನ್ನು ಎರಡು ಬೆರಳಿನಷ್ಟು ಪಕ್ಕಕ್ಕೆ ಸರಿಸಿದಳು. ಸಣ್ಣಂದಿನಿಂದ ಒಂದೇ ಗೆರೆಯಲ್ಲಿ ಬಾಚಿ ಬಾಚಿ ಅಲ್ಲಿ ಕಾಲುದಾರಿ ಬಿದ್ದಿತ್ತು. ಆ ದಾರಿಯ ಮೇಲೆ ಕೂದಲು ತುಂಬಿಕೊಂಡಿತು. ಅಕ್ಕನ ಜಡೆಯನ್ನು ಮಗಳು ಹಾಕಿದ್ದು ಅದೇ ಮೊದಲು. ಇಷ್ಟಕ್ಕೆಲ್ಲ ಒಂದು ಬೆಳಿಗ್ಗೆ ಸಾಕಾಗಿತ್ತು.

ಆದರೂ ಸೋಮವಾರ ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡಾಗ ಏನೋ ಇನ್ನೂ ಸರಿಯಿರಲಿಲ್ಲ. ಕುರ್ತಾ ಚೆನ್ನಾಗಿತ್ತು, ಕೂದಲು ಚೆನ್ನಾಗಿತ್ತು. ಮುಖ ಮಾತ್ರ ಅದೇ. ಕೆನ್ನೆ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ, ಮಧ್ಯೆ ದವಡೆಯ ಗುಂಟ ಒಂದು ಗಡಿ. ಒಂದೇ ಗೋಡೆಗೆ ಎರಡು ಡಬ್ಬದ ಬಣ್ಣ ಹೊಡೆದರೆ ಸೇರುವಲ್ಲಿ ಹೀಗೇ ಆಗುತ್ತದೆ. ಭಾನುವಾರ ಅವಳು ತನ್ನ ಕೆಂಪು ಛಾಯೆಯ ಪೌಡರ್ ಹಚ್ಚಿರಲಿಲ್ಲ, ಅದಕ್ಕೇ ನನಗೆ ಕಂಡಿರಲಿಲ್ಲ.

"ಅಕ್ಕಾ, ಪೌಡರ್ ಜಾಸ್ತಿಯಾಗಿದೆ. ಕೆಂಪಗೆ ಕಾಣ್ತೀಯ."

"ಸುಮ್ನಿರೋ. ಕನ್ನಡೀಲಿ ನೋಡ್ಕೊಂಡೇ ಬಂದಿದೀನಿ, ಸರಿಯಾಗಿತ್ತು. ಇಷ್ಟು ಹಚ್ಚದೇ ಇದ್ರೆ ಕಾಮಾಲೆ ಬಂದವಳ ಹಾಗೆ ಕಾಣ್ತೀನಿ."

ಬಸ್ ಬಂತು, ಹತ್ತಿ ಹೋದಳು. ನಾನು ಅಲ್ಲೇ ನಿಂತೆ. ಕಾಮಾಲೆ ಎಲ್ಲಿಂದ ಬಂತು? ನಿನ್ನೆ ಕಿಟಕಿಯಲ್ಲಿ ಬರಿಮುಖ ಗೋಧಿ ಬಣ್ಣಕ್ಕಿತ್ತು, ಹಳದಿಯ ಸುಳಿವೂ ಇರಲಿಲ್ಲ. ಕನ್ನಡಿಯಲ್ಲಿ ಸರಿ, ಬೀದಿಯಲ್ಲಿ ತಪ್ಪು. ಕನ್ನಡಿ ಸುಳ್ಳು ಹೇಳುವುದಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿರುವವರು ಯಾರು? ಈ ಪ್ರಶ್ನೆ ಇಡೀ ದಿನ ನನ್ನನ್ನು ಕೊರೆಯಿತು. ಒಂದು ಮನೆಯ ಕೋಣೆಗೆ ಹೊಡೆಯಬೇಕಾದ ಬಣ್ಣವನ್ನು ಪಕ್ಕದ ಕೋಣೆಗೆ ಹೊಡೆದು ಬೈಸಿಕೊಂಡೆ. ತಿರುಗಿ ಬೈದೆ, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಅಕ್ಕನ ಮನೆಗೆ ಹೋದೆ. ಕನ್ನಡಿ ಇದ್ದದ್ದು ಬಚ್ಚಲುಮನೆಯಲ್ಲಿ. ಕಿಟಕಿಯಿಲ್ಲ, ಮೇಲೆ ಒಂದು ಬಲ್ಬು. ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಒಳಗಿದ್ದವನು ನಾಳೆ ಆಸ್ಪತ್ರೆಗೆ ಸೇರುವವನ ಹಾಗಿದ್ದ. ಜೇಬಿನಿಂದ ಬಿಳಿ ಕರವಸ್ತ್ರ ತೆಗೆದು ಕೆನ್ನೆಯ ಪಕ್ಕ ಹಿಡಿದೆ. ಕರವಸ್ತ್ರ ಬೆಳ್ಳಗಿರಲಿಲ್ಲ. ಎಳೇ ಸೌತೆಕಾಯಿಯ ಬಣ್ಣಕ್ಕಿತ್ತು.

ಸುತ್ತ ನೋಡಿದೆ. ನಾಲ್ಕೂ ಗೋಡೆ ಹಸಿರು, ಮಿರಮಿರ ಮಿಂಚುವ ಆಯಿಲ್ ಪೇಂಟ್. ಇಷ್ಟು ಚಿಕ್ಕ ಕೋಣೆಯಲ್ಲಿ ಬಲ್ಬಿನ ಬೆಳಕು ನಾಲ್ಕೂ ಕಡೆ ಬಡಿದು, ಹಸಿರನ್ನು ಹೊತ್ತುಕೊಂಡೇ ಮುಖಕ್ಕೆ ಬೀಳುತ್ತಿತ್ತು. ಅಕ್ಕ ದಿನಾ ಆ ಹಸಿರು ಮುಖವನ್ನು ನೋಡಿ, ಅದನ್ನು ಮುಚ್ಚಲು ಕೆಂಪು ಪೌಡರ್ ಹಚ್ಚಿ, ಇನ್ನೂ ಸಾಲದು ಅಂತ ಇನ್ನಷ್ಟು ಹಚ್ಚಿ, ಹಸಿರೂ ಕೆಂಪೂ ಸರಿಸಮ ಆದಾಗ ತೃಪ್ತಿಯಾಗಿ ಬೀದಿಗಿಳಿಯುತ್ತಿದ್ದಳು. ಬೀದಿಯಲ್ಲಿ ಹಸಿರು ಇರಲಿಲ್ಲ. ಕೆಂಪು ಮಾತ್ರ ಉಳಿಯುತ್ತಿತ್ತು.

ಆ ಹಸಿರು ಹೊಡೆದವನು ನಾನು. ಅದಕ್ಕೂ ಮೂರು ವರ್ಷ ಮೊದಲು ಒಂದು ದವಾಖಾನೆಯ ಕಾರಿಡಾರಿಗೆ ಬಣ್ಣ ಹೊಡೆದಾಗ ಒಂದೂವರೆ ಡಬ್ಬ ಉಳಿದಿತ್ತು. ಸುಮ್ಮನೆ ಯಾಕೆ ಒಣಗಿಸುವುದು ಅಂತ ತಂದು ಅಕ್ಕನ ಬಚ್ಚಲಿಗೆ ಬಳಿದಿದ್ದೆ. ಅಕ್ಕ ನಾಲ್ಕು ದಿನ ಎಲ್ಲರಿಗೂ ಹೇಳಿಕೊಂಡಿದ್ದಳು, ನನ್ನ ತಮ್ಮ ಎಷ್ಟು ಚೆನ್ನಾಗಿ ಮಾಡಿಕೊಟ್ಟ ನೋಡಿ ಅಂತ.

ಹೊರಗೆ ಬಂದಾಗ ಅಕ್ಕ ಕೇಳಿದಳು, "ಏನೋ, ಅರ್ಧ ಗಂಟೆಯಿಂದ ಒಳಗೇ ಇದೀಯ. ಹೊಟ್ಟೆ ಸರಿಯಿಲ್ವಾ?"

"ಕನ್ನಡಿ ಇಲ್ಲಿ ಬೇಡ. ಕಿಟಕಿ ಹತ್ರ ಹಾಕ್ತೀನಿ."

"ಯಾಕೆ?"

"ಬಲ್ಬು ಸರಿಯಿಲ್ಲ ಒಳಗೆ. ಮುಖ ತಪ್ಪಾಗಿ ಕಾಣುತ್ತೆ."

ಬಲ್ಬು. ಬಾಯಿಗೆ ಬಂದದ್ದು ಅದು. ಮೊಳೆ ಹೊಡೆದು ಕನ್ನಡಿಯನ್ನು ಕಿಟಕಿಯ ಪಕ್ಕ ತೂಗುಹಾಕಿದೆ. ಅಕ್ಕ ಎಂದಿನಂತೆ ಪೌಡರ್ ಹಚ್ಚಿಕೊಂಡು ಕನ್ನಡಿ ನೋಡಿದಳು. ಹತ್ತಿರ ಹೋಗಿ ಮತ್ತೆ ನೋಡಿದಳು. ಆಮೇಲೆ ನಗಲು ಶುರುಮಾಡಿದಳು.

"ಅಯ್ಯೋ ದೇವರೇ, ಇಷ್ಟು ವರ್ಷ ಹೀಗೆ ಓಡಾಡಿದೀನಾ? ಒಬ್ಬರಾದರೂ ಹೇಳಬಾರದಾ?"

ಒದ್ದೆ ಬಟ್ಟೆಯಿಂದ ಎಲ್ಲ ಒರೆಸಿದಳು. ಬರಿಮುಖವನ್ನು ಆ ಕಡೆ ಈ ಕಡೆ ತಿರುಗಿಸಿ, ಬೇರೆ ಯಾರದೋ ಮುಖ ಪರೀಕ್ಷಿಸುವ ಹಾಗೆ ನೋಡಿದಳು. "ಇದೇನೂ ಅಂಥಾ ಕೆಟ್ಟದಾಗಿಲ್ಲ ಅಲ್ವೇನೋ?" ಎಂದಳು. ತುಟಿಗೆ ಚೂರು ಎಣ್ಣೆ ಸವರಿದಳು. ಅವತ್ತಿನಿಂದ ಅಷ್ಟೇ.

ಮಾಲೀಕರು ಬಂದ ದಿನ ನಾನು ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದೆ. ಈ ಬದಿಗೆ ಕಾಲಿಡಬಾರದು ಅಂತ ಅಕ್ಕ ಆಣೆ ಹಾಕಿಸಿದ್ದಳು. ಆ ಜಾಗ ಕೇಳಿದವರನ್ನು ಅವತ್ತು ಕೌಂಟರಿನಲ್ಲಿ ನಿಲ್ಲಿಸಿ ನೋಡುವುದಿತ್ತು. ಗಾಜಿನೊಳಗೆ ಅವಳು ದಾಳಿಂಬೆ ಬಣ್ಣದ ಕುರ್ತಾದಲ್ಲಿ ಕೌಂಟರಿನ ಹಿಂದೆ ನಿಂತಿದ್ದಳು. ಗಲ್ಲ ನೆಟ್ಟಗಿತ್ತು. ಮುದುಕರೊಬ್ಬರು ಅರ್ಧ ಹರಿದ ಮಾತ್ರೆಯ ಪಟ್ಟಿಯನ್ನು ಮುಂದಿಟ್ಟರು, ಹೆಸರೇ ಹರಿದುಹೋಗಿತ್ತಂತೆ. ಉಳಿದವರು ತಲೆ ಕೆರೆದುಕೊಳ್ಳುತ್ತಿದ್ದಾಗ ಅಕ್ಕ ಪಟ್ಟಿಯನ್ನು ಮಗುಚಿ ನೋಡಿ, ಒಳಗಿನಿಂದ ಒಂದು ಡಬ್ಬ ತಂದು, ಎರಡನ್ನೂ ಪಕ್ಕಪಕ್ಕ ಇಟ್ಟು ಅವರಿಗೆ ತೋರಿಸಿದಳು. ಮಾಲೀಕರು ಮ್ಯಾನೇಜರ್ ಕಡೆ ತಿರುಗಿ ಏನೋ ಕೇಳಿದರು. ಮ್ಯಾನೇಜರ್ ಕೈ ಹಿಸುಕಿಕೊಂಡ. "ಇವರನ್ನ ಇಷ್ಟು ವರ್ಷ ಒಳಗೆ ಯಾಕೆ ಇಟ್ಟಿದ್ರಿ?" ಅಂತ ಕೇಳಿದರಂತೆ, ಅಕ್ಕ ಆಮೇಲೆ ಹೇಳಿದಳು. ಮುಂದಿನ ಸೋಮವಾರದಿಂದ ಅವಳಿಗೆ ಎಂಟರಿಂದ ನಾಲ್ಕು.

ಅಕ್ಕ ಸುಮ್ಮನಿರಲಿಲ್ಲ. ಪಕ್ಕದ ಮನೆಯವರಿಗೆ, ಬಸ್ಸಿನಲ್ಲಿ ಸಿಕ್ಕವರಿಗೆ, ಫೋನಿನಲ್ಲಿ ಭಾವನಿಗೆ, ಎಲ್ಲರಿಗೂ ಒಂದೇ ಮಾತು: ನನ್ನ ತಮ್ಮ ಇಲ್ಲದಿದ್ದರೆ ಈ ಕೌಂಟರು ನನಗೆ ಸಿಗುತ್ತಿರಲಿಲ್ಲ. ಭಾವ ಎಲ್ಲೋ ದಾರಿಬದಿಯಲ್ಲಿ ಲಾರಿ ನಿಲ್ಲಿಸಿ ನನಗೆ ಫೋನ್ ಮಾಡಿ, "ನಿನ್ನ ಋಣ ದೊಡ್ಡದು ಕಣಪ್ಪ" ಎಂದರು. ಅವರು ಋಣದ ಲೆಕ್ಕವನ್ನು ತಲೆಕೆಳಗೆ ಹಿಡಿದಿದ್ದರು. ನಾನು ಹೂಂ ಅಂದೆ.

ಮರುವಾರ ಬಚ್ಚಲಿಗೆ ಬಿಳಿ ಹೊಡೆದೆ. ಗೋಡೆಗೆ ತೇವ ಹಿಡಿದಿದೆ ಅಂತ ಹೇಳಿದೆ.

"ಹಸಿರೇ ಚೆನ್ನಾಗಿತ್ತಲ್ಲೋ," ಎಂದಳು ಅಕ್ಕ. "ನೀನು ಪ್ರೀತಿಯಿಂದ ಹೊಡೆದಿದ್ದು."

ಆಗ ಹೇಳಬೇಕಿತ್ತು. ಯಾರ ಮೇಲೆ ಬೇಕಾದರೂ ಕೂಗಾಡಬಲ್ಲ ಬಾಯಿ ನನ್ನದು. ತಪ್ಪಾಯಿತಕ್ಕ ಎನ್ನಲು ತೆರೆಯಲಿಲ್ಲ. ಎರಡನೇ ಕೋಟಿಂಗ್ ಹೊಡೆಯುತ್ತ ನಿಂತೆ. ವಕೀಲಮ್ಮ ಬಚ್ಚಲ ಬಾಗಿಲಲ್ಲಿ ನಿಂತು ಮೇಲೆ ನೋಡಿದಳು.

"ಮಾಮಾ, ಬಲ್ಬು ಸರಿಯಿಲ್ಲ ಅಂದಿದ್ರಿ. ಗೋಡೆ ಬದಲಾಯಿಸಿದ್ರಿ. ಬಲ್ಬು ಯಾಕೆ ಅದೇ ಇದೆ?"

"ಹೋಗಿ ಓದ್ಕೋ," ಎಂದು ಸಿಡುಕಿದೆ.

"ಬಿಡೇ ಅವನನ್ನ," ಎಂದಳು ಅಕ್ಕ ಅಡುಗೆಮನೆಯಿಂದ. "ನನಗೋಸ್ಕರ ಇಷ್ಟೆಲ್ಲ ಮಾಡಿದಾನೆ, ಪಾಪ."

ತಪ್ಪು ಬಲ್ಬಿನದಲ್ಲ, ನನ್ನ ಹಸಿರಿನದು ಎಂಬ ಮಾತನ್ನು ಅವಳಿಗೆ ನಾನು ಇನ್ನೂ ಹೇಳಿಲ್ಲ.